ಉಲ್ಟಾ ತಿರುಗುವ ವಾಲ್ವ್‌ಗಳು

ಮನೆಯಿಂದ,
ಶನಿವಾರ, ಜೂನ್ ೧೪

ಪ್ರೀತಿಯ ಮಾವ,

ನಿಮ್ಮ ಸೊಸೆಯ ನಮಸ್ಕಾರ. ಕಣ್ಣು ಹೇಗಿದೆ? ಪೊರೆ ತೆಗೆಸಿಕೊಂಡ ಕಣ್ಣು ಈಗ ಕೆಂಪಾಗುವುದಿಲ್ಲ, ಪೇಪರಿನ ತಲೆಬರಹಗಳನ್ನೆಲ್ಲ ಓದುತ್ತೀರಿ ಎಂದು ಅತ್ತಿಗೆ ಹೇಳಿದರು. ಇನ್ನೊಂದು ಕಣ್ಣಿಗೂ ಬೇಗ ಮಾಡಿಸಿಬಿಡಿ, ಮುಂದೂಡಬೇಡಿ. ಔಷಧದ ಹನಿಯನ್ನು ನೀವೇ ಹಾಕಿಕೊಳ್ಳಲು ಹೋಗಿ ಅರ್ಧ ಕೆನ್ನೆಗೆ ಸುರಿದುಕೊಳ್ಳುತ್ತೀರಂತೆ. ಮಗಳ ಕೈಯಲ್ಲಿ ಹಾಕಿಸಿಕೊಳ್ಳುವುದಕ್ಕೆ ಎಂಥ ಸಂಕೋಚ? ನಿಮಗಾಗಿ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಪತ್ರ ಉದ್ದವಿದೆ, ಒಂದೇ ಸಲಕ್ಕೆ ಓದಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ, ಆದರೆ ದಯವಿಟ್ಟು ಕೊನೆಯವರೆಗೂ ಓದಿ.

ಫೋನ್ ಇರುವಾಗ ಪತ್ರವೇಕೆ ಎಂದು ನೀವು ಕೇಳುವುದಿಲ್ಲ, ನಿಮಗೇ ಗೊತ್ತು. ನಾನು ಫೋನ್ ಮಾಡಿದಾಗಲೆಲ್ಲ ನೀವು ಮಲಗಿರುತ್ತೀರಿ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀರಿ, ಸಂಜೆ ಆರಕ್ಕೂ ಮಲಗಿರುತ್ತೀರಿ. ನಿಮ್ಮ ಮಗ ಮಾಡಿದಾಗ ಮಾತ್ರ ಎಚ್ಚರವಿರುತ್ತೀರಿ. ಮೂವತ್ತೆರಡು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಊರಿಗೆ ನೀರು ಬಿಟ್ಟ ಮನುಷ್ಯ, ಈಗಲಾದರೂ ಮಲಗಲಿ ಎಂದು ಸುಮ್ಮನಿದ್ದೆ. ಆದರೆ ಈಗ ಸುಮ್ಮನಿರುವ ಹಾಗಿಲ್ಲ. "ಅಧಿಕಾರಿಗಳ ಹತ್ರ ಬಾಯಿಮಾತು ಇಟ್ಕೋಬೇಡಿ, ಏನಿದ್ರೂ ಬರೆಸಿ ತಗೊಳ್ಳಿ" ಎಂದು ನೌಕರರ ಸಂಘದ ಸಭೆಗಳಲ್ಲಿ ಹೇಳುತ್ತಿದ್ದವರು ನೀವು. ನಾನೂ ಅಧಿಕಾರಿಯೇ ಆಗಿಬಿಟ್ಟಿರುವುದರಿಂದ ಬರೆದೇ ಕೊಡುತ್ತಿದ್ದೇನೆ. ನಾಳೆ ಇವರು ಅಲ್ಲಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತೇನೆ.

ಮನೆಯಲ್ಲಿ ಎಲ್ಲ ಕ್ಷೇಮ. ಪುಟ್ಟಿ ಹಾಸ್ಟೆಲಿನಿಂದ ಫೋನ್ ಮಾಡಿದಾಗ ಮೊದಲು ಕೇಳುವುದು "ತಾತ ಬಂದ್ರಾ?" ಎಂದು, ಆಮೇಲೆ ನನ್ನ ಆರೋಗ್ಯ. ನಿಮ್ಮ ಕೋಣೆಯನ್ನು ಹಾಗೇ ಇಟ್ಟಿದ್ದೇನೆ. ಬಾಗಿಲ ಹಿಂದೆ ನೀವು ಒರಗಿಸಿಟ್ಟ ವಾಲ್ವ್ ಕೀಲಿಯನ್ನು ಗುಡಿಸುವಾಗ ಸರಿಸಲು ಹೋಗಿ ಹೆಬ್ಬೆರಳ ಮೇಲೆ ಬೀಳಿಸಿಕೊಂಡೆ, ಉಗುರು ಕಪ್ಪಾಗಿದೆ. ನನ್ನ ಎದೆಯೆತ್ತರದ ಆ ಕಬ್ಬಿಣವನ್ನು ಹೆಗಲಿಗೇರಿಸಿ ಸೈಕಲ್ ತುಳಿಯುತ್ತಿದ್ದಿರಲ್ಲ, ನಿಮಗೆ ದೊಡ್ಡ ಕೀಲಿ ಎಂದು ಹೆಸರು ಬಂದದ್ದರಲ್ಲಿ ತಪ್ಪೇನಿಲ್ಲ. ಇಪ್ಪತ್ತು ವರ್ಷ ಅದೇ ಬಾಗಿಲ ಹಿಂದೆ ಇದ್ದ ವಸ್ತು ಅದು. ಅದರ ತೂಕ ಎಷ್ಟೆಂದು ನೋಡುವ ಮನಸ್ಸು ನನಗೆ ಒಮ್ಮೆಯೂ ಬಂದಿರಲಿಲ್ಲ.

ಜಗಳದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಐದು ತಿಂಗಳಾಯಿತು. ರೈಲು ಹಳಿಯ ಆಚೆಗಿನ ಅರ್ಧ ಊರಿನ ನೀರಿನ ಕೆಲಸವನ್ನು ಕಂಪನಿಗೆ ವಹಿಸಿ ಎರಡು ವರ್ಷವಾಯಿತು, ಈಚೆಗಿನ ಅರ್ಧವನ್ನೂ ವಹಿಸುವ ಯೋಚನೆಯಿದೆ, ಎರಡನ್ನೂ ಹೋಲಿಸಿ ನಗರಸಭೆಯ ಗುತ್ತಿಗೆ ವಿಭಾಗದ ಮುಖ್ಯಸ್ಥೆ ವರದಿ ಕೊಡಲಿದ್ದಾರೆ ಎಂದು ಪೇಪರಿನಲ್ಲಿ ಬಂದಿತ್ತು. ಆ ಮುಖ್ಯಸ್ಥೆ ನಿಮಗೆ ಊಟ ಬಡಿಸುತ್ತ ನಿಂತಿದ್ದಳು. ನೀವು ತಟ್ಟೆಯಿಂದ ತಲೆಯೆತ್ತದೆ "ಏನಂತ ಬರೀತೀಯಮ್ಮ?" ಎಂದಿರಿ. "ಅಳೆದು ನೋಡ್ತೀನಿ ಮಾವ, ಏನು ಸಿಗುತ್ತೋ ಅದನ್ನ ಬರೀತೀನಿ" ಎಂದೆ. "ನೀರನ್ನ ಅಳೀಬಹುದು. ನಿಯತ್ತನ್ನ ಯಾವ ಲೋಟದಲ್ಲಿ ಅಳೀತೀಯ?" ಎಂದಿರಿ. ಅಲ್ಲಿಗೆ ನಾನು ನಾಲಿಗೆ ಕಚ್ಚಿಕೊಳ್ಳಬೇಕಿತ್ತು. "ಸಹಿ ಹಾಕಿ ಹೋಗಿ ಟೈಲರ್ ಅಂಗಡಿ ನಡೆಸೋರ ನಿಯತ್ತನ್ನೂ ಅದೇ ಲೋಟದಲ್ಲಿ ಅಳೀತೀನಿ" ಎಂದುಬಿಟ್ಟೆ. ಆತ ನಿಮ್ಮ ಸಂಘದವರು, ನೀವು ಕಾರ್ಯದರ್ಶಿಯಾಗಿದ್ದಾಗ ಎರಡು ಸಲ ಅವರ ಕೆಲಸ ಉಳಿಸಿಕೊಟ್ಟಿರಿ ಎಂದು ಗೊತ್ತಿದ್ದೇ ಅಂದೆ. ನೀವು ಕೈ ತೊಳೆದುಕೊಂಡು ಎದ್ದಿರಿ. ಮರುದಿನ ಕಣ್ಣಿನ ಆಪರೇಷನ್ ಮಗಳ ಊರಿನಲ್ಲೇ ಆಗಲಿ ಎಂದು ಚೀಲ ತುಂಬಿಕೊಂಡಿರಿ. "ಇಂಗ್ಲಿಷ್ ಸೊಸೆ ತಂದ್ಕೊಂಡ್ರೆ ಮನೆಯಿಂದ ಹೊರಗೆ ಹಾಕೋದೂ ಇಂಗ್ಲಿಷ್‌ನಲ್ಲೇ" ಎಂದು ಬಸ್ಸಿನಲ್ಲಿ ಹೇಳಿದಿರಂತೆ. ಇವರು ನಗುತ್ತ ಬಂದು ಹೇಳಿದರು. ನನಗೆ ಆಗ ನಗು ಬರಲಿಲ್ಲ. ಎರಡು ದಿನ ಬಿಟ್ಟು, ಆಫೀಸಿನ ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ ಬಂತು. ಆ ರಾತ್ರಿ ಮಾತಾಡಿದ ರೀತಿಗೆ ನಾನು ಕ್ಷಮೆ ಕೇಳುತ್ತೇನೆ ಮಾವ. ಆಡಿದ ಮಾತಿಗೆ ಕೇಳಲಾರೆ. ಆಮೇಲೆ ಹೋಗಿ ನೋಡಿದೆ, ಅಂಗಡಿಯಲ್ಲಿ ಮೂರು ಹೊಲಿಗೆ ಯಂತ್ರಗಳಿವೆ.

ಅಳೆಯುತ್ತೇನೆ ಎಂದಿದ್ದೆನಲ್ಲ, ಅಳೆದೆ. ಆರು ವಾರ ಬೆಳಗಿನ ಐದಕ್ಕೆ ಮನೆ ಬಿಟ್ಟು, ಒಂದು ದಿನ ಹಳಿಯ ಆಚೆ, ಒಂದು ದಿನ ಈಚೆ, ನೀರು ಬಿಡುವವರ ಹಿಂದೆ ಸುತ್ತಿದೆ. ಆಚೆ ನನ್ನ ಜೊತೆ ಬರುತ್ತಿದ್ದವರು ಕಂಪನಿಯ ಮೇಲ್ವಿಚಾರಕರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ದೊಡ್ಡ ಫೋನು, ಅದರಲ್ಲಿ ಇಡೀ ಆಚೆ ಭಾಗದ ನಕ್ಷೆ. ದೂರು ಬಂದರೆ ನಾಲ್ಕು ಗಂಟೆಯೊಳಗೆ ಮನೆ ಮುಂದೆ ಜನ ಇರುತ್ತಾರೆ, ವಿನಯದಿಂದ ಮಾತಾಡುತ್ತಾರೆ, ಅಗೆದ ಗುಂಡಿ ಮುಚ್ಚಿ ಹೋಗುತ್ತಾರೆ. ಒಬ್ಬ ಅಜ್ಜಿ ನನಗೆ ಹೇಳಿದರು, "ನೀರು ಬಿಡೋರು ನನ್ನ 'ನೀವು' ಅಂದಿದ್ದು ಇದೇ ಮೊದಲು ಕಣಮ್ಮ" ಎಂದು. ಇದನ್ನು ನೀವು ಓದಲೇಬೇಕು, ಅದಕ್ಕೇ ಬರೆದೆ. ಆದರೆ ಆಚೆಯ ಕೊನೆಯ ಮೂರು ಬೀದಿಗಳಲ್ಲಿ ನಲ್ಲಿ ಒದ್ದೆಯಾಗುತ್ತದೆ, ಕೊಡ ತುಂಬುವುದಿಲ್ಲ. ಅಲ್ಲಿಂದ ದೂರು ಬಂದಾಗಲೂ ಕಂಪನಿಯವರು ನಾಲ್ಕು ಗಂಟೆಯೊಳಗೇ ಬರುತ್ತಾರೆ, ಒದ್ದೆ ನಲ್ಲಿಯ ಫೋಟೋ ತೆಗೆಯುತ್ತಾರೆ, ದೂರು ಬಗೆಹರಿದಿದೆ ಎಂದು ಗುರುತು ಹಾಕುತ್ತಾರೆ. ಮರುದಿನ ಅದೇ ಮನೆಯಿಂದ ಹೊಸ ದೂರು, ಹೊಸ ಫೋಟೋ. ನಾನು ಸಿಟ್ಟಾಗಿ ಕೇಳಿದೆ. ಅವರು ಫೋನಿನಲ್ಲಿ ಒಪ್ಪಂದದ ಆ ಪುಟವನ್ನೇ ತೆಗೆದು ತೋರಿಸಿದರು. "ದೂರಿಗೆ ನಾಲ್ಕು ಗಂಟೇಲಿ ಸ್ಪಂದಿಸಬೇಕು ಅಂತ ಇದೆ ಮೇಡಂ. ನೀರು ಬರಬೇಕು ಅಂತ ಎಲ್ಲೂ ಇಲ್ಲ." ಕುಹಕವಿರಲಿಲ್ಲ ಅವರ ದನಿಯಲ್ಲಿ. ಆ ವಾಕ್ಯ ಬರೆದವಳು ನಾನು. ಅಳೆಯಲು ಸುಲಭವಾಗಿದ್ದನ್ನು ಬರೆದಿದ್ದೆ. ಇಂಗ್ಲಿಷಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತಿತ್ತು ಎಂದರೆ, ಅಂದು ಅದನ್ನು ನಾನೇ ಎರಡು ಸಲ ಓದಿ ಖುಷಿಪಟ್ಟಿದ್ದೆ. ಕಂಪನಿಯ ಕೆಲಸಗಾರರಿಗೆ ವಾರದ ರಜೆ ಇಲ್ಲ ಎನ್ನುವುದೂ ಆ ಆರು ವಾರಗಳಲ್ಲೇ ಗೊತ್ತಾಯಿತು. ಒಬ್ಬರು ಜ್ವರದಲ್ಲಿ ನಡುಗುತ್ತ ಕೀಲಿ ತಿರುಗಿಸುತ್ತಿದ್ದರು. ದಕ್ಷತೆ, ದಕ್ಷತೆ ಎಂದು ನಾವು ಕೋಷ್ಟಕದಲ್ಲಿ ತುಂಬುತ್ತಿದ್ದುದರಲ್ಲಿ ಒಂದು ಪಾಲು ಆ ಜ್ವರದ್ದು.

ಈಚೆ ಭಾಗದ ಕಥೆ ನಿಮಗೆ ಹೇಳಬೇಕಿಲ್ಲ, ಆದರೂ ಕೇಳಿ. ನಿಮ್ಮ ಕೈಕೆಳಗೆ ಕೆಲಸ ಕಲಿತ ಸಣ್ಣ ಕೀಲಿಯವರ ಹಿಂದೆ ಸುತ್ತಿದೆ. ಅವರಿಗೇ ಈಗ ತಲೆ ನರೆತಿದೆ, ಆದರೂ ಊರಿಗೆ ಅವರು ಸಣ್ಣ ಕೀಲಿಯೇ. ಪಂಪ್‌ಹೌಸಿನಲ್ಲಿ ಫೋನ್ ಬಡಿದುಕೊಳ್ಳುತ್ತಿರುತ್ತದೆ, ಎತ್ತುವವರಿಲ್ಲ. ದೂರು ಪುಸ್ತಕದಲ್ಲಿ ಕೊನೆಯ ದೂರು ಹನ್ನೊಂದು ತಿಂಗಳ ಹಿಂದಿನದು, ಆಮೇಲೆ ಊರಲ್ಲಿ ಯಾರಿಗೂ ಕಷ್ಟವೇ ಬಂದಿಲ್ಲ ಎನ್ನುವ ಹಾಗೆ. ಹೀಗಿದ್ದೂ ಈಚೆಯ ಕೊನೆಯ ಬೀದಿಯಲ್ಲಿ ಎಲ್ಲ ಕೊಡಗಳೂ ತುಂಬುತ್ತವೆ. ಹೇಗೆಂದು ನೋಡಿದೆ. ಸಣ್ಣ ಕೀಲಿಯವರು ವಾಲ್ವನ್ನು ಅರ್ಧ ತೆರೆದು, ಅಲ್ಲೇ ಕಲ್ಲಿನ ಮೇಲೆ ಕೂತು, ಬೀದಿಯ ತುದಿಯ ಮನೆಯಾಕೆ "ಬಂತಣ್ಣೋ" ಎಂದು ಕೂಗುವವರೆಗೆ ಕಾಯುತ್ತಾರೆ. ಆಕೆಗೆ ನೆಗಡಿಯಾಗಿ ದನಿ ಕಟ್ಟಿದ ದಿನ ಎದ್ದು ಹೋಗಿ ನೋಡಿಕೊಂಡು ಬಂದರು. "ಇದು ಎಲ್ಲಾದರೂ ಬರೆದಿದೆಯೇ?" ಎಂದೆ. "ಏನನ್ನ ಬರೆಯೋದಮ್ಮಾ? ಅವಳು ಕೂಗೋದನ್ನಾ?" ಎಂದು ನಕ್ಕರು. ನನ್ನ ಕೋಷ್ಟಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ದೂರಿನ ಕಾಲಮಿನಲ್ಲಿ ಈಚೆ ಭಾಗಕ್ಕೆ ಸೊನ್ನೆ, ಸ್ಪಂದನೆಯ ಕಾಲಮಿನಲ್ಲಿ ಆಚೆ ಭಾಗಕ್ಕೆ ನೂರಕ್ಕೆ ತೊಂಬತ್ತೆಂಟು. ಎರಡೂ ಲೆಕ್ಕಕ್ಕೆ ಬಾರದ ಸಂಖ್ಯೆಗಳು.

ಕರಡು ವರದಿಯನ್ನು ಸಮಿತಿಯ ಮುಂದಿಟ್ಟ ದಿನ ನೀವು ಅಲ್ಲಿರಬೇಕಿತ್ತು. ನಗರಸಭೆಯ ಅಧ್ಯಕ್ಷರು ಗೊತ್ತಲ್ಲ, "ಸರ್ಕಾರದ ಕೆಲಸ ಊರು ಆಳೋದು ಮೇಡಂ, ಪೈಪ್ ಬಿಗಿಯೋದಲ್ಲ" ಎನ್ನುವವರು. ಅವರ ಎದುರಿಗೆ ವಿರೋಧ ಪಕ್ಷದ ನಾಯಕರು, ಎಲ್ಲರೂ ಮೇಷ್ಟ್ರು ಎಂದು ಕರೆಯುವವರು, "ನೀರು ಮಾರೋ ಸರಕಲ್ಲ" ಎಂದು ಮೇಜು ಕುಟ್ಟುವವರು. ಅಧ್ಯಕ್ಷರು ದೂರು ಪುಸ್ತಕದ ಪುಟ ಓದಿ, ಮಡಚಿ ಗುರುತಿಟ್ಟುಕೊಂಡರು. ಮೇಷ್ಟ್ರು ಕೊನೆಯ ಬೀದಿಯ ಪುಟ ಓದಿ, ಮಡಚಿ ಗುರುತಿಟ್ಟುಕೊಂಡರು. ಇಬ್ಬರೂ ಹೊರಗೆ ಬಂದು ನನ್ನನ್ನು ಹೊಗಳಿದರು. ಮಿಕ್ಕ ಪುಟಗಳನ್ನು ಓದಿ ಎಂದು ನಾನು ಇಬ್ಬರ ಹಿಂದೆಯೂ ಕಾರಿಡಾರಿನಲ್ಲಿ ಹೋದೆ. "ವರದಿ ಚಿಕ್ಕದಾಗ್ಲಿ ಮೇಡಂ, ತೀರ್ಮಾನ ಗಟ್ಟಿಯಾಗಿರ್ಲಿ" ಎಂದರು ಅಧ್ಯಕ್ಷರು. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಅದನ್ನೇ, ಮೃದುವಾಗಿ: "ನೀನು ದೊಡ್ಡ ಕೀಲಿ ಸೊಸೆ. ಯಾವ ಕಡೆ ಅಂತ ನಾನು ಹೇಳಿಕೊಡ್ಬೇಕಾ ತಾಯಿ?" ಮನೆಗೆ ಬಂದು ಪಾತ್ರೆಗಳನ್ನು ಅಷ್ಟು ಜೋರಾಗಿ ತೊಳೆದೆ ಎಂದರೆ, ಇವರು ಟೀವಿ ಆರಿಸಿ ಬಂದು ಒಣಬಟ್ಟೆ ಹಿಡಿದು ಪಕ್ಕದಲ್ಲಿ ನಿಂತರು.

ಅವತ್ತು ನನಗೆ ಅನಿಸಿದ್ದು, ಇವರಿಗೆಲ್ಲ ಸಿದ್ಧಾಂತದ ಕಾಯಿಲೆ, ನಾನೊಬ್ಬಳೇ ಆರೋಗ್ಯವಂತೆ ಎಂದು. ಆಮೇಲೆ ಒಂದು ನೆನಪು ಬಂತು. ಪುಟ್ಟಿಯನ್ನು ಶಾಲೆಗೆ ಸೇರಿಸುವಾಗ ಸರ್ಕಾರಿ ಶಾಲೆ ನಮ್ಮ ಮನೆಯ ಎದುರಿಗೇ ಇತ್ತು. ಸಾರ್ವಜನಿಕ ಸೇವೆಯ ಪರವಾಗಿ ಆರು ಮುಷ್ಕರ ಮಾಡಿದ ನೀವು, ಮೊಮ್ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು, ಆ ಶಾಲೆಯ ಗೇಟನ್ನು ದಾಟಿ, ಮೂರು ಮೈಲಿ ದೂರದ ಖಾಸಗಿ ಶಾಲೆಗೆ ಹತ್ತು ವರ್ಷ ಬಿಟ್ಟುಬಂದಿರಿ. ಕೇಳಿದರೆ "ಅಲ್ಲಿ ಮೇಡಂಗಳು ದಿನಾ ಬರ್ತಾರಮ್ಮ" ಎಂದಿರಿ. ನಾನೂ ಬೇಡವೆನ್ನಲಿಲ್ಲ. ಎದುರಿನ ಶಾಲೆಗೆ ಮೇಡಂಗಳು ಯಾಕೆ ಬರುವುದಿಲ್ಲ ಎಂದು ನಾವಿಬ್ಬರೂ, ನಗರಸಭೆಯ ಇಬ್ಬರು ನೌಕರರು, ಒಂದು ದಿನವೂ ರಸ್ತೆ ದಾಟಿ ಕೇಳಲಿಲ್ಲ. ನಿಮ್ಮನ್ನು ಹಂಗಿಸಲು ಬರೆಯುತ್ತಿಲ್ಲ. ನನ್ನದೂ ಒಂದು ನಂಬಿಕೆ ಇತ್ತು, ಕೋಷ್ಟಕದಲ್ಲಿ ಬಂದದ್ದು ಮಾತ್ರ ನಿಜ ಎಂದು. ಅದನ್ನು ಸಿದ್ಧಾಂತವೆಂದು ಯಾರೂ ಕರೆಯದಿದ್ದುದರಿಂದ ಅದು ಸಿದ್ಧಾಂತವೆಂದು ನನಗೆ ಗೊತ್ತಾಗಿರಲಿಲ್ಲ, ಅಷ್ಟೆ.

ಈಗ ಹೆರಿಗೆ ಆಸ್ಪತ್ರೆಯ ವಿಷಯ. ಮೂರು ವಾರದ ಹಿಂದೆ ಆಚೆ ಭಾಗದಲ್ಲಿ ಒಂದು ಪೈಪು ಒಡೆದು, ಕಂಪನಿಯವರು ಆಸ್ಪತ್ರೆಯ ಪಕ್ಕದ ವಾಲ್ವನ್ನು ಮುಚ್ಚಿ ರಿಪೇರಿ ಮಾಡಿ ಮತ್ತೆ ತೆರೆದು ಹೋದರು. ಅಥವಾ ಹಾಗೆಂದುಕೊಂಡರು. ವಾಲ್ವ್ ಎಂದರೆ ಬಲಕ್ಕೆ ತಿರುಗಿಸಿದರೆ ಮುಚ್ಚಬೇಕು, ಎಡಕ್ಕೆ ತಿರುಗಿಸಿದರೆ ತೆರೆಯಬೇಕು. ನಿಮಗೇ ಈ ಪಾಠ ಒಪ್ಪಿಸುತ್ತಿದ್ದೇನೆ, ನಗಬೇಡಿ. ಆ ವಾಲ್ವ್ ಉಲ್ಟಾ. ಅವರು ಬಲಕ್ಕೆ ತಿರುಗಿಸಿದಾಗ ಅದು ಅಲುಗಲಿಲ್ಲ, ಏಕೆಂದರೆ ಪೂರ್ತಿ ತೆರೆದೇ ಇತ್ತು. ಬಿಗಿಯಾಗಿ ಮುಚ್ಚಿದೆ ಎಂದುಕೊಂಡರು. ಮೇಲುಗಡೆಯ ಇನ್ನೊಂದು ವಾಲ್ವನ್ನೂ ಮುಚ್ಚಿದ್ದರಿಂದ ನೀರು ಹೇಗೂ ನಿಂತಿತ್ತು, ಅನುಮಾನ ಬರಲಿಲ್ಲ. ರಿಪೇರಿ ಮುಗಿದ ಮೇಲೆ ತೆರೆಯಲೆಂದು ಎಡಕ್ಕೆ ತಿರುಗಿಸಿದರು, ಅದು ಮುಚ್ಚಿಕೊಂಡಿತು. ಆಸ್ಪತ್ರೆಯ ಸಂಪು ಅವತ್ತು ಸಂಜೆಗೇ ಬರಿದಾಯಿತು. ಮೂರು ಸಲ ದೂರು ಕೊಟ್ಟರು. ಮೂರು ಸಲವೂ ನಾಲ್ಕು ಗಂಟೆಯೊಳಗೆ ಜನ ಬಂದರು, ನಕ್ಷೆ ನೋಡಿದರು, ವಾಲ್ವ್ ತೆರೆದಿದೆ, ತೊಂದರೆ ನಿಮ್ಮ ಕಟ್ಟಡದ ಪೈಪಿನದು ಎಂದರು, ದೂರು ಬಗೆಹರಿದಿದೆ ಎಂದು ಗುರುತು ಹಾಕಿದರು. ಎರಡು ದಿನ ಮಾವ. ಆಪರೇಷನ್‌ಗಳನ್ನು ಮುಂದಕ್ಕೆ ಹಾಕಿದರು. ಹೆತ್ತ ಹೆಂಗಸರ ಗಂಡಂದಿರು, ಅಮ್ಮಂದಿರು ಮೂರನೇ ಮಹಡಿಗೆ ಬಿಂದಿಗೆ ಹೊತ್ತರು. ನಾನು ಹೋದಾಗ ಒಬ್ಬ ನರ್ಸು ಕೂಸಿನ ಬಟ್ಟೆಯನ್ನು ಅರ್ಧ ಮಗ್ ನೀರಿನಲ್ಲಿ ಅದ್ದುತ್ತಿದ್ದರು. ತಲೆಯೆತ್ತಿ ನನ್ನ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ನೋಡಿದರು, ಮತ್ತೆ ಬಟ್ಟೆ ಹಿಂಡತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಯಾರೂ ಸಾಯಲಿಲ್ಲ ಎನ್ನುವುದನ್ನು ಕಂಪನಿಯ ವಿವರಣೆಯಲ್ಲಿ ಸಾಧನೆಯ ಹಾಗೆ ಬರೆದಿದ್ದಾರೆ.

ಎರಡನೇ ದಿನ ಮಧ್ಯಾಹ್ನ ತಲೆ ಕೆಟ್ಟು ಪಂಪ್‌ಹೌಸಿಗೆ ಹೋಗಿ ಸಣ್ಣ ಕೀಲಿಯವರ ಮುಂದೆ ನಿಂತೆ. ನನ್ನ ಮುಖ ನೋಡಿ ಅವರು ಎದ್ದು ಚಪ್ಪಲಿ ಹಾಕಿಕೊಂಡರು. "ಆಸ್ಪತ್ರೇದಾ? ಅದು ಉಲ್ಟಾ ವಾಲ್ವ್ ಅಲ್ವೇನಮ್ಮಾ, ಇಡೀ ಊರಿಗೆ ಗೊತ್ತು" ಎಂದರು. ಇಡೀ ಊರು ಎಂದರೆ ನೀರು ಬಿಡುವ ನೀವು ಹನ್ನೊಂದು ಜನ. ಎರಡು ವರ್ಷದಲ್ಲಿ ಮೊದಲ ಸಲ ಅವರು ಕೀಲಿ ಹೊತ್ತು ಹಳಿ ದಾಟಿದರು. ನೀಲಿ ಅಂಗಿಯವರ ಎದುರಿಗೇ ಬಲಕ್ಕೆ ಹದಿನೆಂಟು ಸುತ್ತು ತಿರುಗಿಸಿದರು. ಹತ್ತನೆಯ ಸುತ್ತಿಗೆ ನನ್ನ ಅಂಗಾಲಿಗೆ ರಸ್ತೆಯ ಕೆಳಗೆ ನೀರು ಓಡುವುದು ಗೊತ್ತಾಯಿತು. "ನಕ್ಷೆ ಚೆನ್ನಾಗಿದೆ ಸಾರ್, ಬಣ್ಣ ಬಣ್ಣವಾಗಿದೆ" ಎಂದರು ಸಣ್ಣ ಕೀಲಿಯವರು, ಬೆವರು ಒರೆಸಿಕೊಳ್ಳುತ್ತ. ನೀಲಿ ಅಂಗಿಯವರ ಮುಖ ಕೆಂಪಾಯಿತು. ಆಮೇಲೆ ನನ್ನೊಬ್ಬಳಿಗೆ ಹೇಳಿದರು, "ಹೇಳಿಕೊಟ್ರೆ ಕಲೀತೀವಿ ಮೇಡಂ. ಯಾರೂ ಹೇಳಲ್ಲ, ತಪ್ಪಾದ್ರೆ ನಗ್ತಾರೆ." ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಯಾರ ಮೇಲೆ ಎಂದು ಹೇಳಬೇಕಲ್ಲ, ಹೇಳುತ್ತೇನೆ.

ವಾಪಸು ಬರುವಾಗ ಸಣ್ಣ ಕೀಲಿಯವರನ್ನು ಕೇಳಿದೆ, ಕೆಲಸ ಹಸ್ತಾಂತರಿಸುವಾಗ ಇದನ್ನು ನಕ್ಷೆಯಲ್ಲಿ ಯಾಕೆ ಬರೆಸಲಿಲ್ಲ ಎಂದು. "ಯಾರೂ ಕೇಳ್ಲಿಲ್ಲ" ಎಂದರು ಮೊದಲು. ಅದು ನಿಜ. ನಾನು ಕೇಳಲಿಲ್ಲ. ವಾಲ್ವ್‌ಗಳ ಸಂಖ್ಯೆ ಕೇಳಿದೆ, ವ್ಯಾಸ ಕೇಳಿದೆ, ಯಾವ ಕಡೆಗೆ ತಿರುಗುತ್ತವೆ ಎಂದು ಕೇಳಬೇಕೆಂದು ನನಗೆ ಹೇಗೆ ಹೊಳೆಯಬೇಕು? ಆದರೆ ಅದನ್ನು ತಿಳಿದವರು ನನ್ನ ಮನೆಯಲ್ಲೇ ಪ್ರತಿದಿನ ಟೀ ಕುಡಿಯುತ್ತಿದ್ದರು. ಸ್ವಲ್ಪ ದೂರ ನಡೆದ ಮೇಲೆ ಅವರೇ ಹೇಳಿದರು, "ಕೇಳಿದ್ರೂ ಹೇಳಬಾರ್ದು ಅಂತ ಸಭೇಲಿ ತೀರ್ಮಾನ ಆಗಿತ್ತಮ್ಮಾ. ಬರೆದುಕೊಟ್ಟ ದಿನ ನಾವು ಅವರಿಗೆ ಬೇಡ ಆಗ್ತೀವಿ ಅಂತ." ಆ ಸಭೆಯಲ್ಲಿ ಕಾರ್ಯದರ್ಶಿಯ ಕುರ್ಚಿಯಲ್ಲಿ ಯಾರಿದ್ದರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಏನಿದ್ದರೂ ಬರೆಸಿ ತಗೊಳ್ಳಿ ಎಂದು ಜೀವನವಿಡೀ ಹೇಳಿದವರು ಇದೊಂದನ್ನು ಬರೆಯಬೇಡಿ ಎಂದಿರಿ. ನನಗೆ ಅದು ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಬಾಗಿಲ ಹಿಂದಿನ ಕೀಲಿಯ ಹಾಗೆ ನಿಮ್ಮ ಕೈಯಲ್ಲಿದ್ದದ್ದು ಅದೊಂದೇ, ಮೂವತ್ತೆರಡು ವರ್ಷದ ಕೊನೆಗೆ ಒಂದು ಕಾಗದದಲ್ಲಿ ನಿಮ್ಮನ್ನೆಲ್ಲ ಹೆಚ್ಚುವರಿ ಎಂದು ಕರೆದವರ ಎದುರಿಗೆ. ಆ ಪದವನ್ನು ಟೈಪ್ ಮಾಡಿದ್ದೂ ನಮ್ಮ ವಿಭಾಗವೇ. ಆದರೆ ಬಿಂದಿಗೆ ಹೊತ್ತವರು ಅಧ್ಯಕ್ಷರೂ ಅಲ್ಲ, ಕಂಪನಿಯವರೂ ಅಲ್ಲ, ನಾನೂ ಅಲ್ಲ.

ಆಸ್ಪತ್ರೆಯ ಸುದ್ದಿ ಬಂದ ಮೇಲೆ ಅಧ್ಯಕ್ಷರು, "ನೋಡಿ, ನಮ್ಮ ನೌಕರರೇ ಮುಚ್ಚಿಟ್ಟಿದ್ದು. ಈಚೆ ಭಾಗವನ್ನೂ ಈ ತಿಂಗಳೇ ಕೊಟ್ಟುಬಿಡೋಣ" ಎನ್ನುತ್ತಿದ್ದಾರೆ. ಮೇಷ್ಟ್ರು, "ನೋಡಿ, ಕಂಪನಿಗೆ ಕೊಟ್ಟರೆ ಹೀಗೇ" ಎಂದು ಕರಪತ್ರ ಅಚ್ಚು ಹಾಕಿಸಿದ್ದಾರೆ. ಉಳಿದ ಉಲ್ಟಾ ವಾಲ್ವ್‌ಗಳು ಎಲ್ಲಿವೆ ಎಂದು ಇಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ. ಸಣ್ಣ ಕೀಲಿಯವರ ಪ್ರಕಾರ ಅಂಥವು ಒಟ್ಟು ಏಳು, ಎಲ್ಲವೂ ಒಂದೇ ಸಲ ಬೇರೆ ಕಾರ್ಖಾನೆಯಿಂದ ತರಿಸಿ ಕೂರಿಸಿದವು. ಐದನ್ನು ಅವರು ನನಗೂ ನೀಲಿ ಅಂಗಿಯವರಿಗೂ ನಡೆದಾಡಿ ತೋರಿಸಿದರು, ಸಂಘದ ತೀರ್ಮಾನ ಮುರಿದು. ಆ ಧೈರ್ಯಕ್ಕೆ ಅವರನ್ನು ಬೈಯಬೇಡಿ. ಉಳಿದ ಎರಡು ನೀರಿನ ಟ್ಯಾಂಕಿನ ರಸ್ತೆಯಲ್ಲಿವೆ, ಆದರೆ ಯಾವುವೆಂದು ಅವರಿಗೆ ಗೊತ್ತಿಲ್ಲ. "ಟ್ಯಾಂಕ್ ರಸ್ತೆ ಯಾವಾಗ್ಲೂ ದೊಡ್ಡ ಕೀಲಿಯವರದ್ದೇ ಅಮ್ಮಾ, ನಮ್ಮನ್ನ ಮುಟ್ಟೋಕೆ ಬಿಡ್ತಿರ್ಲಿಲ್ಲ" ಎಂದರು. ಆ ರಸ್ತೆಯಲ್ಲಿ ಒಟ್ಟು ಹನ್ನೊಂದು ವಾಲ್ವ್‌ಗಳಿವೆ. ಎಲ್ಲ ಹಳೆಯವು, ಪರೀಕ್ಷೆಗೆಂದು ತಪ್ಪು ಕಡೆಗೆ ಒತ್ತಿ ತಿರುಗಿಸಿದರೆ ಒಳಗಿನ ಕಂಬಿ ಮುರಿಯುತ್ತದೆ, ಮುರಿದರೆ ಇಡೀ ಆಚೆ ಭಾಗ ವಾರಗಟ್ಟಲೆ ಒಣಗುತ್ತದೆ. ಮುಂದಿನ ಗುರುವಾರ ಕಂಪನಿಯವರು ಆ ರಸ್ತೆಯ ವಾಲ್ವ್‌ಗಳನ್ನು ಮುಚ್ಚಿ, ದೊಡ್ಡ ಪೈಪನ್ನು ಕತ್ತರಿಸಿ ಹೊಸ ಜೋಡಣೆ ಮಾಡುವವರಿದ್ದಾರೆ. ಮುಂದೂಡಿ ಎಂದು ಬೇಡಿಕೊಂಡೆ. ನೀಲಿ ಅಂಗಿಯವರು ಮತ್ತೆ ಆ ಫೋನು ತೆಗೆದರು. ಗಡುವು ಮೀರಿದರೆ ದಂಡ ಎಂದು ಬರೆದಿದೆ. ಅದನ್ನು ಬರೆದವಳೂ ನಾನೇ. ಮುಂದೂಡಲು ಅಧ್ಯಕ್ಷರು ಅಪ್ಪಣೆ ಕೊಡಬಹುದು, ಆದರೆ "ಗಡುವು ಅಂದ್ರೆ ಗಡುವು ಮೇಡಂ, ಅದಕ್ಕೇ ಅಲ್ವಾ ಖಾಸಗಿಯವರಿಗೆ ಕೊಟ್ಟಿದ್ದು" ಎಂದರು. ಕಾರಿಡಾರಿನ ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಂತಿಮ ವರದಿ ಸೋಮವಾರ ಹೋಗುತ್ತದೆ. ಅದರಲ್ಲಿ ಏನಿದೆ ಎಂದು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳಿ. ಟೈಲರ್ ಅಂಗಡಿ ಇದೆ, ಜ್ವರದಲ್ಲಿ ಕೀಲಿ ತಿರುಗಿಸಿದವರು ಇದ್ದಾರೆ, ಬೀದಿಯ ತುದಿಯಿಂದ ಕೂಗುವ ಹೆಂಗಸು ಇದ್ದಾಳೆ. ಒಪ್ಪಂದದಲ್ಲಿ ನಾನು ಬರೆದ ತಪ್ಪು ವಾಕ್ಯ, ನನ್ನ ಹುದ್ದೆಯ ಹೆಸರಿನ ಸಮೇತ ಇದೆ. ಸಂಘದ ಆ ತೀರ್ಮಾನವೂ ಅದೇ ಪುಟದಲ್ಲಿದೆ. ಕೆಲಸ ಯಾರೇ ಮಾಡಲಿ, ಬೀದಿಯ ಕೊನೆಯ ಮನೆಯ ಕೊಡ ತುಂಬಿತೇ ಎಂದು ಅಳೆಯಬೇಕು, ಹಳೆಯ ಕೈಗಳಿಂದ ನಕ್ಷೆ ಬರೆಸಿ ಅವರ ಹೆಸರನ್ನು ಅದರ ಮೇಲೆ ಹಾಕಬೇಕು, ಅದಾಗುವವರೆಗೆ ಈ ಕಡೆ ಆ ಕಡೆ ಏನನ್ನೂ ಕೊಡಬಾರದು, ಕಿತ್ತುಕೊಳ್ಳಲೂಬಾರದು ಎಂದು ಬರೆದಿದ್ದೇನೆ. ಇಬ್ಬರಿಗೂ ಬೇಡವಾದ ವರದಿ. ನನ್ನನ್ನು ಜನನ ಮರಣ ವಿಭಾಗಕ್ಕೆ ಎತ್ತಿಹಾಕುತ್ತಾರೆ ಎಂದು ಇವರು ತಮಾಷೆ ಮಾಡುತ್ತಾರೆ. ಅಲ್ಲಿ ಕನಿಷ್ಠ ಎರಡೇ ಕಾಲಂಗಳು.

ಸಣ್ಣ ಕೀಲಿಯವರು ಅವತ್ತು ಇನ್ನೊಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಕೂತು ಟೀ ಆರಿಹೋಯಿತು. ಇರಲಿ. ಅತ್ತಿಗೆಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸಿ. ಮಳೆಗಾಳಿಗೆ ಹೊರಗೆ ಕೂರುವಾಗ ಕಿವಿ ಮುಚ್ಚಿಕೊಳ್ಳಿ. ಅತ್ತೆ ಇದ್ದಿದ್ದರೆ ನಮ್ಮಿಬ್ಬರಿಗೂ ಒಂದೊಂದು ಬಿಟ್ಟು, ಊಟಕ್ಕೆ ಕೂರಿಸಿ ಎಂದೋ ಸರಿ ಮಾಡಿರುತ್ತಿದ್ದರು. ನಮಗೆ ಅದು ಬರುವುದಿಲ್ಲ. ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಬೈದು ಉತ್ತರ ಬರೆಯಿರಿ, ಸುಮ್ಮನಿರಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ಇಂಗ್ಲಿಷ್ ಸೊಸೆ

ಮತ್ತೆ, ಭಾನುವಾರ ಬೆಳಿಗ್ಗೆ: ಇವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆಸ್ಪತ್ರೆಯ ನೀರು ನಿಂತ ಮೊದಲ ಸಂಜೆಯೇ ಸಣ್ಣ ಕೀಲಿಯವರು ನಿಮಗೆ ಫೋನ್ ಮಾಡಿ, ಹೋಗಿ ತಿರುಗಿಸಿಬರಲೇ ಎಂದು ಕೇಳಿದ್ದರು. ನೀವು ಎಚ್ಚರವಿದ್ದಿರಿ. "ಸುಮ್ನಿರು, ಒಂದೆರಡು ದಿನ ಊರು ನೋಡ್ಲಿ" ಎಂದಿರಿ. ಇದು ವರದಿಯಲ್ಲಿ ಇಲ್ಲ. ಸಿಕ್ಕಿದ್ದನ್ನೆಲ್ಲ ಬರೆಯುತ್ತೇನೆ ಎಂದು ನಿಮ್ಮ ಮುಖಕ್ಕೆ ಹೇಳಿದ್ದವಳು ಇದೊಂದನ್ನು ಬಿಟ್ಟೆ. ಮೂರು ಸಲ ಬರೆದು ಮೂರು ಸಲ ಅಳಿಸಿದೆ. ನಿಮ್ಮ ಸಭೆಯ ಬಗ್ಗೆ ಇಷ್ಟುದ್ದ ಬೈದ ನಾನು ಮಾಡಿದ್ದೂ ಅದೇ. ಟ್ಯಾಂಕ್ ರಸ್ತೆಯ ಆ ಎರಡು ವಾಲ್ವ್‌ಗಳು ಯಾವುವು ಮಾವ? ಈ ಹಾಳೆಯ ಹಿಂಬದಿಯಲ್ಲಿ ಹನ್ನೊಂದು ಸೊನ್ನೆಗಳನ್ನು ಟ್ಯಾಂಕಿನಿಂದ ಸಾಲಾಗಿ ಬಿಡಿಸಿದ್ದೇನೆ, ಎರಡರ ಮೇಲೆ ಗೆರೆ ಎಳೆದು ಇವರ ಕೈಯಲ್ಲೇ ಕೊಟ್ಟು ಕಳಿಸಿ. ಬರೆದು ಕೊಡಲು ಮನಸ್ಸಿಲ್ಲದಿದ್ದರೆ ಇವರ ಜೊತೆ ನೀವೇ ಬಂದುಬಿಡಿ. ಗುರುವಾರ ಬೆಳಿಗ್ಗೆ ಆರಕ್ಕೆ ಕತ್ತರಿಸುತ್ತಾರೆ. ಐದಕ್ಕೇ ಟೀ ಮಾಡಿಟ್ಟಿರುತ್ತೇನೆ. ಕೀಲಿಯನ್ನು ಮಾತ್ರ ನೀವೇ ಎತ್ತಿಕೊಳ್ಳಬೇಕು, ನನ್ನ ಕೈಲಾಗುವುದಿಲ್ಲ.